ಅಜ್ಜಿಯ ಅಂಗೈ ಹಿಡಿದು ಅಲಂಕಾರ ಕಲಿಯೋಣ

ಊಟದ ಗಂಟೆಗೆ ಮುಂಚಿನ ಪೀರಿಯಡ್ಡಿನಲ್ಲಿ ಒಮ್ಮೆ ಒಂಬತ್ತನೆಯ ತರಗತಿಗೆ ಅಲಂಕಾರ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಉಪಮೇಯ, ಉಪಮಾನ ಅಂತ ಬರೆಯುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಪಕ್ಕದವನಿಗೆ ಮೆಲ್ಲಗೆ ಹೇಳಿದ್ದು ಕೇಳಿಸಿತು: "ಹೊಟ್ಟೆ ತಾಳ ಹಾಕ್ತಿದೆ ಕಣೋ." ನಾನು ತಿರುಗಿ "ಇನ್ನೊಮ್ಮೆ ಹೇಳಪ್ಪ" ಅಂದೆ. ಬೈಯುತ್ತಾರೆ ಅಂತ ಹೆದರಿದ, ಪಾಪ. ಆದರೆ ಆ ದಿನದ ಪಾಠ ಅವನ ಬಾಯಲ್ಲೇ ಇತ್ತು.

ಹೊಟ್ಟೆಗೆ ಕೈಯಿಲ್ಲ, ತಾಳವೂ ಇಲ್ಲ. ಆದರೂ ಆ ಮಾತು ಕೇಳಿದ ಯಾರೂ "ಸುಳ್ಳು ಹೇಳ್ತೀಯ" ಅನ್ನುವುದಿಲ್ಲ. ಅವನು "ನನಗೆ ತುಂಬಾ ಹಸಿವಾಗಿದೆ" ಅಂದಿದ್ದರೆ ಹಸಿವಿನ ಸುದ್ದಿ ಮಾತ್ರ ಗೊತ್ತಾಗುತ್ತಿತ್ತು. "ತಾಳ ಹಾಕ್ತಿದೆ" ಅಂದಾಗ ಹಸಿವಿನ ಸದ್ದೇ ಕೇಳಿಸಿತು. ಬಿಟ್ಟು ಬಿಟ್ಟು ಬರುವ ಸಂಕಟ ಗೊತ್ತಾಯಿತು.

ಅಲಂಕಾರ ಅಂದರೆ ಒಡವೆ ಅಂತ ನಿಮಗೆ ಹೇಳಿಕೊಟ್ಟಿರುತ್ತಾರೆ. ಅದು ತಪ್ಪಲ್ಲ. ಆದರೆ ಆ ಪದದ ಒಳಗೆ ಇರುವ "ಅಲಂ" ಎಂಬುದಕ್ಕೆ ಸಂಸ್ಕೃತದಲ್ಲಿ "ಸಾಕು, ಸಾಕಷ್ಟು" ಎಂಬ ಅರ್ಥವಿದೆ. ನನಗೆ ಆ ಅರ್ಥವೇ ಇಷ್ಟ. "ಹೇಳೋಕೆ ಮಾತು ಸಾಲದು" ಅಂತ ನಾವು ಹೇಳುತ್ತೇವಲ್ಲ, ಹಾಗೆ ಸಾಲದೆ ಬಂದ ಮಾತನ್ನು ಸಾಲುವಂತೆ ಮಾಡುವುದೇ ಅಲಂಕಾರ. ಕವಿ ಮೊದಲು ಸಾದಾ ಕವಿತೆ ಬರೆದು, ಆಮೇಲೆ ಅದಕ್ಕೆ ಮೂಗುತಿ, ಬಳೆ ತೊಡಿಸುವುದಿಲ್ಲ. ಬೇರೆ ರೀತಿಯಲ್ಲಿ ಹೇಳಲಾಗದ್ದಕ್ಕೇ ಹಾಗೆ ಹೇಳುತ್ತಾನೆ.

ಕನ್ನಡದವರಿಗೆ ಇದು ಹೊಸದೂ ಅಲ್ಲ. ನಮಗೆ ಸಿಕ್ಕಿರುವ ಕನ್ನಡ ಗ್ರಂಥಗಳಲ್ಲಿ ಅತಿ ಹಳೆಯದು ಕವಿರಾಜಮಾರ್ಗ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ್ದು, ಸುಮಾರು ಕ್ರಿ.ಶ. 850ರದ್ದು. ಅದರ ವಿಷಯವೇನು ಗೊತ್ತೇ? ಅಲಂಕಾರವೇ! ಕವಿತೆ ಹೇಗಿರಬೇಕು, ಏನು ದೋಷ, ಏನು ಗುಣ ಎಂದು ಹೇಳುವ ಪುಸ್ತಕ ಅದು. ಅದರಲ್ಲಿ ಕನ್ನಡ ನಾಡಿನ ಜನರನ್ನು "ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್" ಎಂದು ಕರೆದಿದೆ. ಅಂದರೆ, ಕೂತು ಓದದೆಯೂ ಕಾವ್ಯದ ಬಳಕೆಯಲ್ಲಿ ಪಳಗಿದವರು. ಹಿಂದಿನ ಬೆಂಚಿನ ಆ ಹುಡುಗ ಆ ಸಾಲಿಗೆ ಸೇರಿದವನು. ನೀವೂ ಅಷ್ಟೇ.

ಹಾಗಾಗಿ ಪಟ್ಟಿಯನ್ನು ಬಾಯಿಪಾಠ ಮಾಡುವುದು ಬೇಡ. ಒಂದೇ ಒಂದು ಚಿತ್ರ ಹಿಡಿದು ಹೊರಡೋಣ. ಅಜ್ಜಿಯ ಅಂಗೈ.

ನಾಲ್ಕು ಕಾಲಿನ ಉಪಮೆ

"ಅಜ್ಜಿಯ ಅಂಗೈ ಬತ್ತಿದ ಕೆರೆಯಂಗಳದಂತೆ ಬಿರುಕು ಬಿಟ್ಟಿದೆ."

ಈ ವಾಕ್ಯದಲ್ಲಿ ನಾಲ್ಕು ಸಂಗತಿಗಳಿವೆ. ಯಾವುದರ ಬಗ್ಗೆ ಮಾತಾಡುತ್ತಿದ್ದೇವೆ? ಅಜ್ಜಿಯ ಅಂಗೈ. ಅದು ಉಪಮೇಯ. ಯಾವುದಕ್ಕೆ ಹೋಲಿಸಿದೆವು? ಬತ್ತಿದ ಕೆರೆಯಂಗಳಕ್ಕೆ. ಅದು ಉಪಮಾನ. ಎರಡಕ್ಕೂ ಇರುವ ಒಂದೇ ಗುಣ ಯಾವುದು? ಬಿರುಕು ಬಿಟ್ಟಿರುವುದು. ಅದು ಸಮಾನಧರ್ಮ. ಎರಡನ್ನೂ ಜೋಡಿಸಿದ ಪದ ಯಾವುದು? "ಅಂತೆ". ಅದು ಉಪಮಾವಾಚಕ.

ಮೇಯ, ಮಾನ ಎಂದು ತಿರುಗಾಮುರುಗಾ ಆಗುವುದು ಎಲ್ಲರಿಗೂ ಆಗುತ್ತದೆ. ಮಾನ ಅಂದರೆ ಅಳತೆ ಅಂತ ನೆನಪಿಟ್ಟುಕೊಳ್ಳಿ. ಮಾಪನ, ಪ್ರಮಾಣ, ತಾಪಮಾನ ಇವೆಲ್ಲ ಅದೇ ಬಳಗದ ಪದಗಳು. ಉಪಮಾನ ಅಂದರೆ ಅಳೆಯುವ ಸೇರು. ಉಪಮೇಯ ಅಂದರೆ ಅಳೆಸಿಕೊಳ್ಳುವ ಅಕ್ಕಿ. ಇಲ್ಲಿ ಕೆರೆ ಸೇರು, ಅಂಗೈ ಅಕ್ಕಿ.

ನಾಲ್ಕೂ ಎದ್ದು ಕಂಡರೆ ಅದು ಪೂರ್ಣೋಪಮೆ. ಒಂದೋ ಎರಡೋ ಕಾಣದಿದ್ದರೆ ಲುಪ್ತೋಪಮೆ. "ಅಜ್ಜಿಯ ಅಂಗೈ ಬತ್ತಿದ ಕೆರೆಯಂಗಳದಂತಿದೆ" ಎಂದಷ್ಟೇ ಹೇಳಿ ನೋಡಿ. ಬಿರುಕಿನ ಮಾತು ಹೋಯಿತು. ಈಗ ಓದುವವನೇ ಸಮಾನಧರ್ಮ ಹುಡುಕಬೇಕು. ಬಿರುಕು ಬಿಟ್ಟಿದೆಯೇ? ಒಣಗಿದೆಯೇ? ಒಂದು ಕಾಲದಲ್ಲಿ ಊರಿಗೆಲ್ಲ ನೀರು ಕೊಟ್ಟು ಈಗ ಬರಿದಾಗಿದೆಯೇ? ಒಂದು ಕಾಲು ತೆಗೆದದ್ದರಿಂದ ಮಾತು ಕುಂಟಲಿಲ್ಲ. ಅದರ ಅರ್ಥ ಇನ್ನೂ ಅಗಲವಾಯಿತು. ಬಿಟ್ಟಿದ್ದನ್ನು ನೋಡುವುದು ಅಲಂಕಾರ ಓದುವವರಿಗೆ ಬರಬೇಕಾದ ಮುಖ್ಯ ಅಭ್ಯಾಸ. ಮುಂದಿನ ಅಲಂಕಾರಗಳನ್ನೂ ಹೀಗೇ ನೋಡೋಣ. ಏನನ್ನು ಇಟ್ಟರು, ಏನನ್ನು ಬಿಟ್ಟರು?

ಹಳೆಯ ಪದ್ಯಗಳಲ್ಲಿ "ಅಂತೆ" ಬದಲು ವೊಲ್, ವೊಲು, ತೆರದಿ ಎಂಬ ಪದಗಳು ಬರುತ್ತವೆ. ನಿಮ್ಮ ಮನೆಯ ಮಾತಿನಲ್ಲಿ "ಹಾಗೆ", "ಥರ" ಬರುತ್ತದೆ. "ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡ್ತಾನೆ" ಎಂಬುದೂ ಉಪಮೆಯೇ. ಜೈಮಿನಿ ಭಾರತ ಬರೆದ ಲಕ್ಷ್ಮೀಶನಿಗೆ "ಉಪಮಾಲೋಲ" ಎಂಬ ಹೆಸರೇ ಇದೆ. ಅಷ್ಟು ಪ್ರೀತಿಯಿಂದ ಅವನು ಹೋಲಿಕೆಗಳನ್ನು ಕಟ್ಟಿದ್ದಾನೆ.

"ಅಂತೆ" ಬಿದ್ದರೆ ಏನಾಗುತ್ತದೆ?

"ಅಜ್ಜಿಯ ಅಂಗೈ ಬತ್ತಿದ ಕೆರೆಯಂಗಳ."

ವಾಚಕ ಬಿತ್ತು. ಈಗ ಅಂಗೈ ಕೆರೆಯ ಹಾಗಿಲ್ಲ, ಅದೇ ಕೆರೆ. ಇದು ರೂಪಕ. ಉಪಮೇಯಕ್ಕೂ ಉಪಮಾನಕ್ಕೂ ಭೇದವೇ ಇಲ್ಲ ಎಂದು ಹೇಳುವುದು ಇದರ ಲಕ್ಷಣ. ಇಂಗ್ಲಿಷ್ ಪಾಠದಲ್ಲಿ ನೀವು ಓದುವ ಸಿಮಿಲಿ ನಮ್ಮ ಉಪಮೆಗೆ ಹತ್ತಿರ, ಮೆಟಫರ್ ನಮ್ಮ ರೂಪಕಕ್ಕೆ ಹತ್ತಿರ.

ಒಂದು ಸಣ್ಣ "ಅಂತೆ" ಹೋದರೆ ಅಷ್ಟೇನು ವ್ಯತ್ಯಾಸ ಅಂತ ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉತ್ತರ ಬಸವಣ್ಣನವರ ವಚನದಲ್ಲಿದೆ. ಉಳ್ಳವರು ಶಿವಾಲಯ ಕಟ್ಟುತ್ತಾರೆ, ಬಡವನಾದ ನಾನೇನು ಮಾಡಲಿ ಎಂದು ಕೇಳಿಕೊಂಡು ಅವರು ಹೇಳುವುದು ಹೀಗೆ: "ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಶವಯ್ಯಾ."

ಇದನ್ನು ಉಪಮೆ ಮಾಡಿ ನೋಡಿ. "ನನ್ನ ಕಾಲು ಕಂಬದಂತಿದೆ, ದೇಹ ದೇಗುಲದಂತಿದೆ." ಏನಾಯಿತು? ಕಾಲು ಗಟ್ಟಿಯಾಗಿದೆ ಎಂಬ ವರ್ಣನೆಯಾಯಿತು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. "ಅಂತೆ" ಅಂದ ಕೂಡಲೇ ನಿಜವಾದ ಕಂಬ, ನಿಜವಾದ ದೇಗುಲ ಬೇರೆ ಎಲ್ಲೋ ಇದೆ ಎಂದು ಒಪ್ಪಿದ ಹಾಗಾಯಿತು. ಉಳ್ಳವರ ಕಲ್ಲಿನ ಗುಡಿಯೇ ಅಸಲು, ನನ್ನ ದೇಹ ಅದರ ನಕಲು ಎಂದಂತಾಯಿತು. ಬಸವಣ್ಣನವರು ಹೇಳುತ್ತಿರುವುದು ಇದಕ್ಕೆ ತದ್ವಿರುದ್ಧ. ನನ್ನ ದೇಹವೇ ದೇಗುಲ, ಬೇರೆ ದೇಗುಲ ನನಗೆ ಬೇಕಿಲ್ಲ. ಆ ವಚನದ ವಾದವೆಲ್ಲ "ಕಾಲೇ", "ದೇಹವೇ" ಎಂಬಲ್ಲಿನ ಆ ಪುಟ್ಟ "ಏ" ಮೇಲೆ ನಿಂತಿದೆ. ಅಲ್ಲಿ ರೂಪಕ ತೆಗೆದರೆ ಅಂದ ಕಡಿಮೆಯಾಗುವುದಲ್ಲ, ಅರ್ಥವೇ ಕುಸಿಯುತ್ತದೆ.

ಈ ಒಂದು ಉದಾಹರಣೆ ಅರ್ಥವಾದರೆ ರೂಪಕ ಪೂರ್ತಿ ಅರ್ಥವಾದ ಹಾಗೆ ಎಂದು ನಾನು ನಂಬಿದ್ದೇನೆ. ಕುಮಾರವ್ಯಾಸನನ್ನು "ರೂಪಕ ಸಾಮ್ರಾಜ್ಯ ಚಕ್ರವರ್ತಿ" ಅನ್ನುತ್ತಾರೆ. ಅವನ ಭಾರತದ ಯುದ್ಧದ ಭಾಗಗಳನ್ನು ಓದುವಾಗ ಈ "ಏ" ನೆನಪಿರಲಿ. ಎಲ್ಲಿ ಅವನು ಹೋಲಿಸುತ್ತಾನೆ, ಎಲ್ಲಿ ಒಂದನ್ನು ಇನ್ನೊಂದೇ ಮಾಡಿಬಿಡುತ್ತಾನೆ ಎಂದು ನೋಡಿ.

"ಅಂತೆ" ಕಂಡ ಕೂಡಲೇ ಉಪಮೆ ಅಲ್ಲ

"ಅರವತ್ತು ಬೇಸಿಗೆಗಳು ಒಂದೊಂದಾಗಿ ಬಂದು ಗೆರೆ ಎಳೆದು ಲೆಕ್ಕ ಇಟ್ಟುಕೊಂಡವೇನೋ ಎಂಬಂತೆ ಅಜ್ಜಿಯ ಅಂಗೈಯಲ್ಲಿ ಬಿರುಕುಗಳಿವೆ."

ಪರೀಕ್ಷೆಯಲ್ಲಿ ಅತಿ ಜಾಸ್ತಿ ತಪ್ಪಾಗುವುದು ಇಂಥ ಕಡೆ. "ಎಂಬಂತೆ" ಇದೆ, ಅದರಲ್ಲಿ "ಅಂತೆ" ಇದೆ, ಹಾಗಾಗಿ ಉಪಮೆ ಎಂದು ಬರೆದುಬಿಡುತ್ತಾರೆ. ಇದು ಉತ್ಪ್ರೇಕ್ಷೆ. ಬತ್ತಿದ ಕೆರೆ ಲೋಕದಲ್ಲಿ ಇದೆ. ಬೇಸಿಗೆಯಲ್ಲಿ ಹೋಗಿ ನೋಡಿ ಬರಬಹುದು. ಆದರೆ ಬೇಸಿಗೆಗಳು ಬಂದು ಕೈಮೇಲೆ ಲೆಕ್ಕ ಬರೆದದ್ದನ್ನು ಯಾರೂ ನೋಡಿಲ್ಲ. ಅದು ಊಹೆ. ಇರುವ ವಸ್ತುವಿಗೆ ಹೋಲಿಸಿದರೆ ಉಪಮೆ. ಇರುವ ಸಂಗತಿಗೆ ಇಲ್ಲದ ಕಾರಣವನ್ನೋ ಇಲ್ಲದ ಘಟನೆಯನ್ನೋ ಕಲ್ಪಿಸಿದರೆ ಉತ್ಪ್ರೇಕ್ಷೆ. "ಏನೋ ಎಂಬಂತೆ", "ಎಂದು ತೋರುತ್ತದೆ" ಎಂಬ ಮಾತುಗಳು ಇದರ ಸುಳಿವು. ಆದರೆ ಸುಳಿವನ್ನೇ ನಂಬಿ ಕೂರಬೇಡಿ, ಊಹೆ ಇದೆಯೇ ಎಂದು ನೋಡಿ.

ಈ "ಅಂತೆ" ಬಗ್ಗೆ ಇನ್ನೊಂದು ಮಾತು. ನಮ್ಮ ಭಾಷೆಯಲ್ಲಿ ಇದಕ್ಕೆ ಬೇರೆ ಕೆಲಸವೂ ಇದೆ. "ಮಳೆ ಬಂದಂತೆ" ಅಂದರೆ ಹೋಲಿಕೆ. "ಮಳೆ ಬಂತಂತೆ" ಅಂದರೆ ಯಾರೋ ಹೇಳಿದ ಸುದ್ದಿ. ಒಂದರಲ್ಲಿ ನಾನು ಹೋಲಿಸುತ್ತಿದ್ದೇನೆ, ಇನ್ನೊಂದರಲ್ಲಿ ನಾನು ಕಣ್ಣಾರೆ ನೋಡಿಲ್ಲ ಎಂದು ಹೇಳುತ್ತಿದ್ದೇನೆ. ಎಷ್ಟು ಸಣ್ಣ ಪದ, ಎಷ್ಟು ಕೆಲಸ ಅಲ್ವಾ? ಪದ್ಯದಲ್ಲಿ "ಅಂತೆ" ಬಂದಾಗ ಅದು ಯಾವ ಕೆಲಸ ಮಾಡುತ್ತಿದೆ ಎಂದು ಮೊದಲು ಕೇಳಿಕೊಳ್ಳಿ.

ಗಾದೆಗಳ ಜೋಡಿ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ." ಇದು ನಿಮಗೆ ಗೊತ್ತಿರುವ ಗಾದೆ. ಇದರಲ್ಲಿ ವಾಚಕ ಇಲ್ಲ. ಸಮಾನಧರ್ಮವನ್ನು ಹೇಳಿಯೂ ಇಲ್ಲ. ಎರಡು ಬೇರೆ ಬೇರೆ ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು ಕೈಬಿಟ್ಟಿದ್ದಾರೆ. ಆದರೂ ಒಂದು ಇನ್ನೊಂದರ ಕನ್ನಡಿಯ ಹಾಗಿದೆ. ಊಟಕ್ಕೆ ಮಾತು, ರೋಗಕ್ಕೆ ಜಗಳ ಎಂದು ಬಿಂಬ ಪ್ರತಿಬಿಂಬವಾಗಿ ಕೂತಿವೆ. ಇದೇ ದೃಷ್ಟಾಂತ.

ಇದರ ಪಕ್ಕದಲ್ಲೇ ಇರುವುದು ಅರ್ಥಾಂತರನ್ಯಾಸ. ಹೆಸರು ಉದ್ದ, ವಿಷಯ ಸರಳ. "ಎಂಬತ್ತು ದಾಟಿದರೂ ನಮ್ಮಜ್ಜಿ ಬೆಳಗ್ಗೆ ಐದಕ್ಕೆ ಎದ್ದು ಅಂಗಳ ಗುಡಿಸುತ್ತಾಳೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ." ಮೊದಲ ವಾಕ್ಯ ಒಬ್ಬಳೇ ಅಜ್ಜಿಯದು, ಅದು ವಿಶೇಷ. ಎರಡನೆಯದು ಎಲ್ಲರಿಗೂ ಹೊಂದುವ ಮಾತು, ಅದು ಸಾಮಾನ್ಯ. ಸಾಮಾನ್ಯವು ವಿಶೇಷಕ್ಕೆ ಬೆಂಬಲ ಕೊಟ್ಟರೆ, ಇಲ್ಲವೇ ವಿಶೇಷವು ಸಾಮಾನ್ಯಕ್ಕೆ ಬೆಂಬಲ ಕೊಟ್ಟರೆ ಅರ್ಥಾಂತರನ್ಯಾಸ. ದೃಷ್ಟಾಂತದಲ್ಲಿ ಎರಡೂ ವಾಕ್ಯಗಳು ಒಂದೇ ಮೆಟ್ಟಿಲಲ್ಲಿ ನಿಂತಿರುತ್ತವೆ. ಅರ್ಥಾಂತರನ್ಯಾಸದಲ್ಲಿ ಒಂದು ಮೇಲಿನ ಮೆಟ್ಟಿಲು, ಒಂದು ಕೆಳಗಿನದು. ನಿಮ್ಮ ಮನೆಯಲ್ಲಿ ದೊಡ್ಡವರು ಯಾವುದೋ ಘಟನೆ ಹೇಳಿ ಕೊನೆಗೆ ಒಂದು ಗಾದೆ ಸೇರಿಸುತ್ತಾರಲ್ಲ, ಅವರು ದಿನಕ್ಕೆ ಹತ್ತು ಸಲ ಈ ಅಲಂಕಾರ ಬಳಸುತ್ತಾರೆ.

ಎರಡು ಅರ್ಥದ ಒಂದು ಮಾತು

"ಬಟಾಣಿ, ಚಿತ್ರ, ಲೆಕ್ಕ, ಜಗಳ, ನಮ್ಮ ಮನೆಯಲ್ಲಿ ಎಲ್ಲವನ್ನೂ ಬಿಡಿಸುವವಳು ಅಮ್ಮನೇ."

"ಬಿಡಿಸು" ಒಂದೇ ಪದ. ಬಟಾಣಿಗೆ ಸಿಪ್ಪೆ ತೆಗೆಯುವುದು, ಚಿತ್ರಕ್ಕೆ ಬರೆಯುವುದು, ಲೆಕ್ಕಕ್ಕೆ ಉತ್ತರ ಹುಡುಕುವುದು, ಜಗಳಕ್ಕೆ ಇಬ್ಬರನ್ನೂ ಬೇರೆ ಮಾಡುವುದು. ಒಂದೇ ಸಲ ಬಂದ ಪದ ಒಂದಕ್ಕಿಂತ ಹೆಚ್ಚು ಅರ್ಥ ಹೊತ್ತರೆ ಅದು ಶ್ಲೇಷೆ. ಕಲಿ (ವೀರ, ಕಲಿಯುವುದು), ಅರಸು (ದೊರೆ, ಹುಡುಕು), ಬೇಡ (ಬೇಟೆಗಾರ, ಬೇಕಿಲ್ಲ), ಕಾಡು (ಅಡವಿ, ಪೀಡಿಸು) ಇಂಥ ಪದಗಳು ನಮ್ಮಲ್ಲಿ ರಾಶಿ ಇವೆ.

ಅದೇ ಪದ ಮತ್ತೆ ಮತ್ತೆ ಬಂದು, ಬಂದಾಗಲೆಲ್ಲ ಬೇರೆ ಅರ್ಥ ಕೊಟ್ಟರೆ ಅದು ಯಮಕ. "ಗುಡ್ಡ ಹತ್ತಿ ಹತ್ತಿ ಬಿಡಿಸಿದಳು." ಮೊದಲ "ಹತ್ತಿ" ಕಾಲಿನ ಕೆಲಸ, ಎರಡನೆಯದು ಹೊಲದ ಬೆಳೆ. ಕಣ್ಣಿಗೆ ಎರಡೂ ಒಂದೇ. ಕಿವಿಗೂ ಒಂದೇ. ಅರ್ಥಕ್ಕೆ ಮಾತ್ರ ಬೇರೆ.

ಇನ್ನು ಒಂದು ವಿರೋಧ ನೋಡಿ. ಹತ್ತನೆಯ ಶತಮಾನದ ರನ್ನನ ಗದಾಯುದ್ಧದಲ್ಲಿ ದುರ್ಯೋಧನ ವೈಶಂಪಾಯನ ಸರೋವರದ ನೀರಿನೊಳಗೆ ಅಡಗಿದ್ದಾನೆ. ದಡದಲ್ಲಿ ನಿಂತು ಭೀಮ ಗರ್ಜಿಸುತ್ತಾನೆ. ಆಗ ರನ್ನ ಹೇಳುವುದು "ನೀರೊಳಗಿರ್ದುಂ ಬೆಮರ್ತನುರಗಪತಾಕಂ." ಉರಗಪತಾಕ ಅಂದರೆ ಹಾವಿನ ಬಾವುಟದವನು, ದುರ್ಯೋಧನ. ನೀರಿನೊಳಗಿದ್ದೂ ಬೆವತ! ಇದು ಆಗುವ ಮಾತೇ ಅಂತ ಮೊದಲು ಅನ್ನಿಸುತ್ತದೆ. ಆಮೇಲೆ ಆ ಬೆವರು ಬಿಸಿಲಿನದಲ್ಲ, ಸಿಟ್ಟಿನದು ಎಂದು ಹೊಳೆಯುತ್ತದೆ. ಮೇಲೆ ವಿರೋಧದಂತೆ ಕಂಡು ಒಳಗೆ ಸರಿಹೋಗುವ ಇಂಥ ಮಾತಿಗೆ ವಿರೋಧಾಭಾಸ ಎಂದು ಹೆಸರು. ದುರ್ಯೋಧನನ ಅಭಿಮಾನದ ಬಗ್ಗೆ ಹತ್ತು ಪುಟ ಬರೆದರೂ ಆ ಒಂದು ಸಾಲಿಗೆ ಸಾಟಿಯಾಗುವುದಿಲ್ಲ.

ಭರತನ ನಾಟ್ಯಶಾಸ್ತ್ರದಲ್ಲಿ ಹೇಳಿದ ಅಲಂಕಾರಗಳು ನಾಲ್ಕೇ: ಉಪಮೆ, ರೂಪಕ, ದೀಪಕ, ಯಮಕ. ಆಮೇಲೆ ಬಂದ ಪಂಡಿತರು ಸೇರಿಸುತ್ತಾ ಹೋಗಿ ಪಟ್ಟಿ ನೂರು ದಾಟಿತು. ನಿಮಗೆ ಈಗ ಅಷ್ಟು ಬೇಕಿಲ್ಲ. ಈ ಏಳೆಂಟು ಗಟ್ಟಿಯಾದರೆ ಉಳಿದವು ಇವುಗಳ ಅಕ್ಕತಂಗಿಯರ ಹಾಗೆ ಗುರುತು ಸಿಗುತ್ತವೆ.

ಕಿವಿಗೆ ಬೀಳುವ ಅಲಂಕಾರ

ಇಲ್ಲಿಯವರೆಗೆ ನೋಡಿದ್ದರಲ್ಲಿ ಹೆಚ್ಚಿನವು ಅರ್ಥಾಲಂಕಾರ. ಯಮಕ ಶಬ್ದಾಲಂಕಾರದ ಗುಂಪಿನದು. ಶಬ್ದಾಲಂಕಾರ ಪತ್ತೆ ಹಚ್ಚಲು ಒಂದು ಸುಲಭದ ದಾರಿಯಿದೆ. ಪದವನ್ನು ತೆಗೆದು ಅದೇ ಅರ್ಥದ ಬೇರೆ ಪದ ಹಾಕಿ. ಸೊಗಸು ಉಳಿದರೆ ಅದು ಅರ್ಥದ್ದು. ಸೊಗಸು ಹೋದರೆ ಅದು ಶಬ್ದದ್ದು.

ಚಿಕ್ಕಂದಿನಲ್ಲಿ ನಾಲಿಗೆ ಹೊರಳಲಿ ಅಂತ ಆಡಿಸುತ್ತಿದ್ದ ಮಾತು ನೆನಪಿದೆಯೇ? "ತರೀಕೆರೆ ಕೆರೆ ಏರಿ ಮೇಲೆ ಮೂರು ಕರಿ ಕುರಿ ಮರಿ ಮೇಯ್ತಿತ್ತು." ಇದರಲ್ಲಿ ರಕಾರ ಎಂಟು ಸಲ ಬಂದಿದೆ. ಒಂದೇ ವ್ಯಂಜನ ಹೀಗೆ ಮತ್ತೆ ಮತ್ತೆ ಬಂದರೆ ವೃತ್ತ್ಯನುಪ್ರಾಸ. ಇದೇ ವಾಕ್ಯದಲ್ಲಿ "ಕೆರೆ ಕೆರೆ", "ಕರಿ ಕುರಿ" ನೋಡಿ. ಇಲ್ಲಿ ಕ ಮತ್ತು ರ ಜೋಡಿಯಾಗಿ, ಅದೇ ಕ್ರಮದಲ್ಲಿ ತಿರುಗಿ ಬಂದಿವೆ. ಎರಡು ವ್ಯಂಜನಗಳ ಜೋಡಿ ಹೀಗೆ ಮರಳಿದರೆ ಛೇಕಾನುಪ್ರಾಸ. "ಕುರಿ" ತೆಗೆದು "ಟಗರು" ಹಾಕಿದರೆ ಆಟವೇ ಕೆಟ್ಟಿತು. ಶಬ್ದಾಲಂಕಾರ ಅಂದರೆ ಅದೇ.

ಸಾಲಿನ ಕೊನೆಯಲ್ಲಿ ಒಂದೇ ಸದ್ದು ಬಂದರೆ ಅಂತ್ಯಪ್ರಾಸ. ಅದು ನಿಮಗೆ ಶಿಶುಗೀತೆಯ ಕಾಲದಿಂದ ಗೊತ್ತು. ಆದರೆ ಕನ್ನಡದ ಹಳೆಯ ಕವಿಗಳು ಜಾಸ್ತಿ ಕಟ್ಟುನಿಟ್ಟಾಗಿ ಪಾಲಿಸಿದ್ದು ಕೊನೆಯ ಪ್ರಾಸವನ್ನಲ್ಲ, ಆದಿಪ್ರಾಸವನ್ನು. ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಮೊದಲನೆಯದಲ್ಲ, ಎರಡನೆಯದು. ಮೊದಲ ಅಕ್ಷರದ ತೂಕವೂ ಎಲ್ಲ ಸಾಲಿನಲ್ಲಿ ಒಂದೇ ಆಗಿರಬೇಕು. ಇದಕ್ಕೆ ನಮ್ಮ ಹಿರಿಯರು ಇಟ್ಟ ಹೆಸರುಗಳು ಎಷ್ಟು ಚೆಂದ ನೋಡಿ. ಪ್ರಾಸಾಕ್ಷರದ ಹಿಂದೆ ಹ್ರಸ್ವ ಇದ್ದರೆ ಸಿಂಹಪ್ರಾಸ, ದೀರ್ಘ ಇದ್ದರೆ ಗಜಪ್ರಾಸ, ಸೊನ್ನೆ ಇದ್ದರೆ ವೃಷಭಪ್ರಾಸ, ವಿಸರ್ಗ ಇದ್ದರೆ ಅಜಪ್ರಾಸ. ಪ್ರಾಸದ ಜಾಗದಲ್ಲಿ ಬೇರೆ ಬೇರೆ ವ್ಯಂಜನಗಳು ಕೂಡಿದ ಒತ್ತಕ್ಷರ ಬಂದರೆ ಶರಭಪ್ರಾಸ, ಅದೇ ಅಕ್ಷರದ ಒತ್ತು ಬಂದರೆ ಹಯಪ್ರಾಸ. ಹತ್ತನೆಯ ಶತಮಾನದ ಕೊನೆಯ ಹೊತ್ತಿಗೇ ನಾಗವರ್ಮ ತನ್ನ ಛಂದೋಂಬುಧಿಯಲ್ಲಿ ಇವನ್ನು ಹೇಳಿದ್ದಾನೆ. ಸಾವಿರ ವರ್ಷ ಈ ನಿಯಮ ನಡೆಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಂಜೇಶ್ವರದ ಎಂ. ಗೋವಿಂದ ಪೈ ಅವರು ಇದನ್ನು ಬಿಟ್ಟು ಬರೆದಾಗ ಆಗ ಅದು ದೊಡ್ಡ ಧೈರ್ಯದ ಕೆಲಸವಾಗಿತ್ತು.

ತಾಳ ಹಾಕುವುದು

ಈಗ ಛಂದಸ್ಸಿಗೆ ಬರೋಣ. ಇದನ್ನು ಕಂಡರೆ ಲೆಕ್ಕದ ಪೀರಿಯಡ್ ಕನ್ನಡಕ್ಕೆ ನುಗ್ಗಿದ ಹಾಗೆ ಮಕ್ಕಳು ಹೆದರುತ್ತಾರೆ. ಹೆದರಬೇಡಿ. ಛಂದಸ್ಸು ಬರೀ ಕಾಲದ ಲೆಕ್ಕ. ಒಂದು ಅಕ್ಷರ ಹೇಳಲು ಎಷ್ಟು ಹೊತ್ತು ಬೇಕು ಅನ್ನುವುದು, ಅಷ್ಟೇ.

"ಕತೆ" ಅನ್ನಿ. ಈಗ "ಕತ್ತೆ" ಅನ್ನಿ. ಎರಡಲ್ಲೂ ಅಕ್ಷರ ಎರಡೇ. ಆದರೆ "ಕತ್ತೆ" ಅನ್ನುವಾಗ "ಕ" ಆದ ಮೇಲೆ ನಾಲಿಗೆ ಒಂದು ಕ್ಷಣ ತಡೆದು ನಿಲ್ಲುತ್ತದೆ. ಆ ತಡೆದ ಹೊತ್ತನ್ನು "ಕ" ಲೆಕ್ಕಕ್ಕೆ ಸೇರಿಸುತ್ತಾರೆ. ಹಾಗಾಗಿ ಒತ್ತಕ್ಷರದ ಹಿಂದಿನ ಅಕ್ಷರ ಗುರು. ನಿಯಮವನ್ನು ಬಾಯಿಪಾಠ ಮಾಡುವ ಬದಲು ಬಾಯಲ್ಲಿ ಹೇಳಿ ನೋಡಿ, ನಿಮಗೇ ಗೊತ್ತಾಗುತ್ತದೆ. ಈ ಹೊತ್ತಿನ ಅಳತೆಗೆ ಮಾತ್ರೆ ಎಂದು ಹೆಸರು. ಹ್ರಸ್ವ ಸ್ವರವಿರುವ ಅಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ಗುರುವಿಗೆ ಎರಡು ಮಾತ್ರೆ. ದೀರ್ಘಾಕ್ಷರ, ಸೊನ್ನೆ ಇರುವ ಅಕ್ಷರ, ವಿಸರ್ಗ ಇರುವ ಅಕ್ಷರ, ಐ ಮತ್ತು ಔ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ಅರ್ಧ ವ್ಯಂಜನದ ಹಿಂದಿನ ಅಕ್ಷರ ಇವೆಲ್ಲ ಗುರು. ಪ್ರಸ್ತಾರ ಹಾಕುವಾಗ, ಅಂದರೆ ಅಕ್ಷರಗಳ ಮೇಲೆ ಲಘು ಗುರುವಿನ ಗುರುತು ಹಾಕುವಾಗ, ಲಘುವಿನ ಮೇಲೆ ಪುಟ್ಟ ಬಟ್ಟಲಿನ ಗುರುತು, ಗುರುವಿನ ಮೇಲೆ ಅಡ್ಡ ಗೆರೆ. "ಕನ್ನಡ" ಎಂಬುದಕ್ಕೆ ಎರಡು, ಒಂದು, ಒಂದು. ಒಟ್ಟು ನಾಲ್ಕು ಮಾತ್ರೆ.

ಒಂದು ತಪ್ಪು ಮಾತ್ರ ಮಾಡಬೇಡಿ. ಒತ್ತಕ್ಷರವನ್ನೇ ಗುರು ಮಾಡುವುದು. ಒತ್ತು ಎಲ್ಲಿದೆಯೋ ಅದರ ಹಿಂದಿನದು ಗುರು. ನಾನು ತಿದ್ದಿದ ಉತ್ತರ ಪತ್ರಿಕೆಗಳಲ್ಲಿ ಹೆಚ್ಚಿನ ಪ್ರಸ್ತಾರ ಕೆಟ್ಟಿದ್ದು ಇಲ್ಲೇ.

ಮಾತ್ರೆಗಳನ್ನು ಗುಂಪು ಮಾಡಿದರೆ ಗಣ. ಮಾತ್ರೆ ಎಣಿಸಿ ಮಾಡಿದರೆ ಮಾತ್ರಾಗಣ, ಮೂರು ಮೂರು ಅಕ್ಷರ ಎಣಿಸಿ ಮಾಡಿದರೆ ಅಕ್ಷರಗಣ. ಅಕ್ಷರಗಣಕ್ಕೆ "ಯಮಾತಾರಾಜಭಾನಸಲಗಂ" ಎಂಬ ಸೂತ್ರವೊಂದೇ ಸಾಕು. ಯಾವ ಗಣ ಬೇಕೋ ಆ ಅಕ್ಷರದಿಂದ ಮೂರು ಅಕ್ಷರ ಓದಿ. ಯಗಣ ಅಂದರೆ "ಯಮಾತಾ". ಲಘು, ಗುರು, ಗುರು.

ಮಾತ್ರಾಗಣದಲ್ಲಿ ನನ್ನ ಪ್ರೀತಿಯದು ಭಾಮಿನಿ ಷಟ್ಪದಿ. ಕುಮಾರವ್ಯಾಸ ಇಡೀ ಭಾರತವನ್ನು ಅದರಲ್ಲೇ ಹಾಡಿದ. ಆರು ಸಾಲು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳು ಒಂದೇ ಅಳತೆ: ಮೂರು, ನಾಲ್ಕು, ಮೂರು, ನಾಲ್ಕು. ಒಟ್ಟು 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ ಮೂರು-ನಾಲ್ಕರ ಜೋಡಿ ಮೂರು ಸಲ ಬಂದು ಕೊನೆಗೆ ಒಂದು ಗುರು. ಒಟ್ಟು 23. ಇಡೀ ಪದ್ಯಕ್ಕೆ 102 ಮಾತ್ರೆ.

ಎಣಿಸಲಿಕ್ಕೆ ಎಂದು ನಾನೇ ಮೂರು ಸಾಲು ಕಟ್ಟಿದ್ದೇನೆ:

ಮಳೆಯು ಸುರಿಯಿತು ಮಲೆಯ ತುದಿಯಲಿ
ತೊಳೆದುಕೊಂಡಿತು ಬೇಲಿ ಧೂಳನು
ಕಳೆದ ವರುಷದ ಬರವ ಮರೆಯುತ ನೆಲವು ನಗುತಲಿದೆ

ಈಗ ಬೆಂಚಿನ ಮೇಲೆ ಬೆರಳಿನಿಂದ ತಟ್ಟುತ್ತಾ ಓದಿ. ತಕಿಟ ತಕಧಿಮಿ, ತಕಿಟ ತಕಧಿಮಿ. ಮಳೆಯು (3) ಸುರಿಯಿತು (4) ಮಲೆಯ (3) ತುದಿಯಲಿ (4). ಎರಡನೆಯ ಸಾಲಿನಲ್ಲಿ "ತೊಳೆದುಕೊಂಡಿತು" ಒಂದೇ ಪದ, ಆದರೆ ತಾಳ ಅದನ್ನು "ತೊಳೆದು" ಮತ್ತು "ಕೊಂಡಿತು" ಎಂದು ಮುರಿಯುತ್ತದೆ. ಗಣ ವಿಭಾಗ ಮಾಡುವಾಗ ಪದ ಎಲ್ಲಿ ಮುಗಿಯಿತು ಎಂದು ನೋಡಬಾರದು, ಮಾತ್ರೆ ಎಲ್ಲಿ ತುಂಬಿತು ಎಂದು ನೋಡಬೇಕು. ಮೂರನೆಯ ಸಾಲಿನ ಕೊನೆಯ "ದೆ" ಹ್ರಸ್ವ. ಆದರೂ ಸಾಲಿನ ಕೊನೆಯಲ್ಲಿ ದನಿ ಎಳೆದು ನಿಲ್ಲುವುದರಿಂದ ಅದನ್ನು ಗುರು ಎಂದೇ ಎಣಿಸುತ್ತಾರೆ. ಮೂರು ಸಾಲಿನ ಎರಡನೆಯ ಅಕ್ಷರ ನೋಡಿ: ಮಳೆ, ತೊಳೆ, ಕಳೆ. ಎಲ್ಲ ಕಡೆ ಳಕಾರ. ಅದರ ಹಿಂದೆ ಎಲ್ಲ ಕಡೆ ಹ್ರಸ್ವ. ಹಾಗಾಗಿ ಸಿಂಹಪ್ರಾಸ.

ಬೇಲಿ ಧೂಳು ತೊಳೆದುಕೊಂಡಿದ್ದು, ನೆಲ ನಕ್ಕಿದ್ದು ಏನು? ಮನುಷ್ಯರ ಕೆಲಸವನ್ನು ಜೀವವಿಲ್ಲದ್ದಕ್ಕೆ ಕೊಟ್ಟಿದ್ದೇವೆ. ಇಂಗ್ಲಿಷ್ ಪಾಠದ ಪರ್ಸಾನಿಫಿಕೇಶನ್ ಇದೇ. ನಮ್ಮ ಹಳೆಯ ಪಟ್ಟಿಯಲ್ಲಿ ಸಮಾಸೋಕ್ತಿ ಇದಕ್ಕೆ ಹತ್ತಿರ ಬರುತ್ತದೆ. ಹೊಟ್ಟೆ ತಾಳ ಹಾಕಿದ್ದೂ ಹೀಗೆಯೇ ಅಲ್ವಾ?

ಪರೀಕ್ಷೆಯಲ್ಲಿ "ಅಲಂಕಾರ ಗುರುತಿಸಿ, ಲಕ್ಷಣ ಬರೆದು, ಸಮನ್ವಯಗೊಳಿಸಿ" ಎಂದು ಕೇಳಿದಾಗ ಹೆಸರು ಮತ್ತು ಲಕ್ಷಣ ಬರೆದು ನಿಲ್ಲಿಸಬೇಡಿ. ಸಮನ್ವಯ ಅಂದರೆ ಆ ಸಾಲಿನಲ್ಲಿ ಅದು ಹೇಗೆ ಕೂತಿದೆ ಎಂದು ತೋರಿಸುವುದು. ಇದು ಉಪಮೇಯ, ಇದು ಉಪಮಾನ, ಇದು ಇಬ್ಬರಿಗೂ ಇರುವ ಗುಣ, ಇದು ಜೋಡಿಸಿದ ಪದ. ಅಜ್ಜಿಯ ಅಂಗೈಗೆ ನಾವು ಮಾಡಿದ್ದು ಅದನ್ನೇ.

ಷಟ್ಪದಿಯ ಉಳಿದ ಮೂರು ಸಾಲು ನಿಮಗೆ ಬಿಟ್ಟಿದ್ದೇನೆ. ನಾಲ್ಕು ಮತ್ತು ಐದನೆಯ ಸಾಲಿಗೆ 14, ಆರನೆಯದಕ್ಕೆ 23. ಎರಡನೆಯ ಅಕ್ಷರ ಳಕಾರ, ಮೊದಲನೆಯದು ಹ್ರಸ್ವ. ಹಳೆಯ, ಎಳೆಯ, ಹೊಳೆಯ, ಒಳಗೆ, ಇಳಿದು, ಕುಳಿತು, ಗೆಳತಿ. ಇವೆಲ್ಲ ಮೂರು ಮೂರು ಮಾತ್ರೆಯ ಪದಗಳು, ಸಾಲಿನ ಬಾಗಿಲಲ್ಲಿ ಸರಿಯಾಗಿ ಕೂರುತ್ತವೆ. ಮಳೆ ಬಂದ ಮೇಲೆ ನಿಮ್ಮ ಊರಿನಲ್ಲಿ ಏನಾಗುತ್ತದೋ ಅದನ್ನೇ ಬರೆಯಿರಿ. ಬರೆದ ಮೇಲೆ ಬೆಂಚು ತಟ್ಟಿ ನೋಡಿ. ತಾಳ ತಪ್ಪಿದ ಕಡೆ ಬೆರಳೇ ನಿಲ್ಲುತ್ತದೆ.